ಬಾಗಿಲು ಮೊದಲು ತೆರೆದದ್ದು ಬಂದರಿನಲ್ಲಲ್ಲ

ಮಾನ್ಯ ಸಂಪಾದಕರೇ,

ವಿಯೆಟ್ನಾಂ ಕಾಫಿ ಬಗ್ಗೆ ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಸುಂಕ ಇಳಿಸಿದರು, ಮಾರುಕಟ್ಟೆ ತೆರೆದರು, ಗೆದ್ದರು ಅನ್ನುವುದು ಅದರ ಒಟ್ಟು ಮಾತು. ನಾನು ಮೂಡಿಗೆರೆ ಕಡೆಯ ಸಣ್ಣ ಬೆಳೆಗಾರ. ಅಲ್ಲಿ ಮಳೆ ಬಂತಾ, ಬರ ಬಂತಾ ಅಂತ ಇಲ್ಲಿ ವಿಚಾರಿಸಿಕೊಂಡು ಬದುಕುವವರು ನಾವು. ಹಾಗಾಗಿ ಆ ದೇಶದ ಕಥೆಯನ್ನು ಆಗಾಗ ಕೆದಕಿ ಓದಿದ್ದೇನೆ. ಲೇಖನ ಹೇಳಿದ್ದು ತಪ್ಪಲ್ಲ, ಆದರೆ ಹಿಂದಿನದು ಮುಂದೆ, ಮುಂದಿನದು ಹಿಂದೆ ಆಗಿದೆ.

1986ಕ್ಕೆ ಮೊದಲು ಅಲ್ಲಿ ರೇಷನ್ ಕಾಲ. ಬೆಲೆ ಸರ್ಕಾರದ್ದು, ಲಾರಿ ಸರ್ಕಾರದ್ದು, ರಫ್ತು ಮಾಡುವ ಕಂಪನಿಯೂ ಸರ್ಕಾರದ್ದೇ. ಒಂದು ಪ್ರಾಂತ್ಯದಿಂದ ಇನ್ನೊಂದಕ್ಕೆ ನಾಲ್ಕಾರು ಕೆ.ಜಿ. ಅಕ್ಕಿಯನ್ನೋ ಕಾಫಿಯನ್ನೋ ಚೀಲದಲ್ಲಿ ಇಟ್ಟುಕೊಂಡು ಹೋದರೂ ದಾರಿಯ ತನಿಖಾ ಠಾಣೆಯಲ್ಲಿ ಕಿತ್ತುಕೊಳ್ಳುತ್ತಿದ್ದರು. 'ಹೊಳೆಗೆ ತಡೆ, ಸಂತೆಗೆ ನಿಷೇಧ' ಎನ್ನುವ ಅರ್ಥದ ಮಾತೊಂದು ಅವರ ಭಾಷೆಯಲ್ಲಿ ಈಗಲೂ ಇದೆ. ದೇಶದೊಳಗೇ ಮಾಲು ಓಡಾಡುವ ಹಾಗಿಲ್ಲ ಅಂದಮೇಲೆ ಬಂದರಿನ ಸುಂಕ ಎಷ್ಟಿದ್ದರೇನು?

1986ರ ಡಿಸೆಂಬರ್‌ನಲ್ಲಿ ಆಳುವ ಕಮ್ಯುನಿಸ್ಟ್ ಪಕ್ಷದ ಮಹಾಧಿವೇಶನ 'ದೋಯ್ ಮೋಯ್' ಎಂಬ ಸುಧಾರಣೆಗೆ ಒಪ್ಪಿತು. ಆ ವರ್ಷ ಬೆಲೆ ಏರಿಕೆ ಶೇ 700 ದಾಟಿತ್ತು. ಬೇರೆ ದಾರಿಯೂ ಇರಲಿಲ್ಲ ಬಿಡಿ. 1988ರಲ್ಲಿ ಸಹಕಾರಿ ಸಂಘದ ಜಮೀನನ್ನು ಕುಟುಂಬಗಳ ಕೈಗೆ ಕೊಟ್ಟರು. 1989ರಲ್ಲಿ ಬಹುತೇಕ ಬೆಲೆಗಳ ಹಿಡಿತ ಬಿಟ್ಟರು. ಡಾಲರಿಗೆ ಸರ್ಕಾರದ ದರ ಒಂದು, ಕಾಳಸಂತೆಯ ದರ ಇನ್ನೊಂದು ಇದ್ದದ್ದನ್ನು ಒಂದು ಮಾಡಿದರು. ಇದು ಬೆಳೆಗಾರರಿಗೆ ಬಹಳ ದೊಡ್ಡ ವಿಷಯ. ಎರಡು ದರ ಇದ್ದಾಗ ರಫ್ತಿನ ಡಾಲರ್ ಕಡಿಮೆ ದರದಲ್ಲಿ ಲೆಕ್ಕವಾಗುತ್ತದೆ, ನಡುವಿನ ದುಡ್ಡು ರೈತನ ಜೇಬಿಗೆ ಬರುವುದೇ ಇಲ್ಲ. 1988ರಲ್ಲೂ ಅಕ್ಕಿ ತರಿಸಿಕೊಳ್ಳುತ್ತಿದ್ದ ದೇಶ 1989ರಲ್ಲಿ ಸುಮಾರು 14 ಲಕ್ಷ ಟನ್ ಅಕ್ಕಿ ಹೊರಗೆ ಕಳಿಸಿತು. ಅದೇ ಗದ್ದೆ, ಅದೇ ಜನ.

ರಫ್ತಿನ ಬಾಗಿಲನ್ನು ಮಾತ್ರ ಅವರು ಒಂದೇ ಸಲ ತೆರೆಯಲಿಲ್ಲ. ಪ್ರತ್ಯೇಕ ಪರವಾನಗಿ ಇಲ್ಲದೆ ಖಾಸಗಿಯವರೂ ರಫ್ತು ಮಾಡಬಹುದು ಅನ್ನುವ ನಿಯಮ ಬಂದದ್ದು 1998ರಲ್ಲಿ. ಅಕ್ಕಿ ರಫ್ತಿನ ಕೋಟಾ 2001ರವರೆಗೂ ಇತ್ತು. ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಸೇರಿದ್ದು 1995, ಅಮೆರಿಕದ ಜತೆ ಒಪ್ಪಂದ ಜಾರಿಯಾದದ್ದು 2001, ವಿಶ್ವ ವ್ಯಾಪಾರ ಸಂಸ್ಥೆಗೆ ಕಾಲಿಟ್ಟದ್ದು 2007. ಆಮದು ಸುಂಕದ ದೊಡ್ಡ ಇಳಿಕೆಗಳೆಲ್ಲ ಈ ಒಪ್ಪಂದಗಳ ಜತೆಗೇ ಬಂದವು. ಅಷ್ಟು ಹೊತ್ತಿಗೆ ರೈತ ಮಾರಲು ಕಲಿತು ವರ್ಷಗಳೇ ಕಳೆದಿದ್ದವು.

ಇದನ್ನು ನಾವು ಪರದೇಶದ ಕಥೆ ಅಂತ ಓದುವ ಹಾಗಿಲ್ಲ. ನಮ್ಮಲ್ಲೂ ಕಾಫಿ ಮಂಡಳಿಯ ಪೂಲ್ ಪದ್ಧತಿ ಇತ್ತಲ್ವಾ? ಬೆಳೆದ ಕಾಫಿಯನ್ನು ಕಾಯ್ದೆ ಪ್ರಕಾರ ಪೂಲ್‌ಗೆ ಕೊಡಬೇಕು, ಮಾರಾಟವಾದ ಹಾಗೆ ದುಡ್ಡು ಕಂತು ಕಂತಾಗಿ ಬರುತ್ತದೆ. ಅಪ್ಪನ ಹಳೇ ನೋಟ್ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. ಒಂದು ಕೊಯ್ಲಿನ ಹೆಸರಿನ ಕೆಳಗೆ ಅಷ್ಟುದ್ದಕ್ಕೆ ಕಂತಿನ ಸಾಲುಗಳು, ಬೇರೆ ಬೇರೆ ಇಂಕಿನಲ್ಲಿ. 1992ರಿಂದ ಬಿಗಿ ಸಡಿಲವಾಗುತ್ತಾ ಬಂತು, 1996ರಲ್ಲಿ ಪೂರ್ತಿ ಬಿಟ್ಟರು. ಆ ವರ್ಷದಿಂದ ಪುಸ್ತಕದಲ್ಲಿ ಒಂದು ಮಾರಾಟಕ್ಕೆ ಒಂದೇ ಸಾಲು.

ಹಾಗಂತ ವಿಯೆಟ್ನಾಂ ದಾರಿಯನ್ನು ಸುಮ್ನೆ ಹೊಗಳಲಾರೆ. ಅವರ ಕಾಫಿ 1990ರಲ್ಲಿ 60 ಕೆ.ಜಿ.ಯ ಸುಮಾರು 14 ಲಕ್ಷ ಮೂಟೆ ಇದ್ದದ್ದು ಹತ್ತೇ ವರ್ಷದಲ್ಲಿ ಹತ್ತು ಪಟ್ಟಾಯಿತು. ದಾಕ್ ಲಾಕ್ ಪ್ರಾಂತ್ಯದಲ್ಲಿ ಕಾಡು ಕಡಿದು ಗಿಡ ನೆಟ್ಟರು, ಬಾವಿ ತೋಡಿ ತೋಡಿ ಅಂತರ್ಜಲ ಬಸಿದರು. 1989ರಲ್ಲೇ ಅಂತರರಾಷ್ಟ್ರೀಯ ಕಾಫಿ ಕೋಟಾ, ಅಂದರೆ ಯಾವ ದೇಶ ಎಷ್ಟು ರಫ್ತು ಮಾಡಬಹುದು ಅನ್ನುವ ಮಿತಿ, ಮುರಿದುಬಿದ್ದಿತ್ತು, ಅಷ್ಟೊಂದು ಮಾಲನ್ನು ತಡೆಯುವವರು ಯಾರೂ ಇರಲಿಲ್ಲ. 2001ರ ಹೊತ್ತಿಗೆ ರೊಬಸ್ಟಾ ತಳಿಯ ಕಾಫಿ ಬೆಲೆ ಪಾತಾಳಕ್ಕೆ ಇಳಿಯಿತು. ಏಟು ತಿಂದವರಲ್ಲಿ ಅವರೂ ಇದ್ದರು, ನಾವೂ ಇದ್ದೆವು. ಆ ವರ್ಷ ನಮ್ಮ ಕಣದಲ್ಲಿ ಚೆರ್ರಿ, ಅಂದರೆ ಕಾಫಿ ಹಣ್ಣು, ಒಣಗಿ ಮೂಟೆಯಾದರೂ, ಬಂದ ವ್ಯಾಪಾರಿ ಹೇಳಿದ ರೇಟಿಗೆ ಕೊಯ್ಲಿನ ಕೂಲಿಯೂ ಹುಟ್ಟುತ್ತಿರಲಿಲ್ಲ. ಅಮ್ಮ ಅವನಿಗೆ ಕಾಫಿ ಕೊಟ್ಟು ಕಳಿಸಿದರು, ಮೂಟೆ ಕೊಡಲಿಲ್ಲ. 2024ರಲ್ಲಿ ಲೆಕ್ಕ ತಿರುಗಿತು. ಅಲ್ಲಿ ಬರ, ಜತೆಗೆ ಎಷ್ಟೋ ರೈತರು ಕಾಫಿ ಕಿತ್ತು ದುರಿಯನ್ ಹಣ್ಣಿನ ಗಿಡ ಹಾಕಿದ್ದರು. ಇಲ್ಲಿ 50 ಕೆ.ಜಿ. ರೊಬಸ್ಟಾ ಚೆರ್ರಿ ಮೂಟೆ ಹತ್ತು ಸಾವಿರ ದಾಟಿತು.

ಈಗ ನನ್ನ ತಕರಾರಿಗೆ ಬರುತ್ತೇನೆ. ಭಾರತ–ಆಸಿಯಾನ್ ಒಪ್ಪಂದ 2010ರಲ್ಲಿ ಜಾರಿಗೆ ಬಂತು. ಕಾಫಿ ಸುಂಕ ಶೇ 45ಕ್ಕೆ, ಕಾಳುಮೆಣಸಿನದು ಶೇ 50ಕ್ಕೆ ವರ್ಷ ವರ್ಷ ಇಳಿಯುತ್ತಾ ಬರುತ್ತದೆ ಅಂತ ಅದರ ಪಟ್ಟಿಯಲ್ಲೇ ಬರೆದಿತ್ತು. ನಮ್ಮೂರಲ್ಲಿ ಅದನ್ನು ಓದಿದವರು ಒಬ್ಬರೂ ಇರಲಿಲ್ಲ. ಮೆಣಸು ಕುಸಿದಾಗ ಎಲ್ಲರೂ ಗಾಬರಿಯಾದರು, ಶ್ರೀಲಂಕಾ ಮೂಲಕ ವಿಯೆಟ್ನಾಂ ಮೆಣಸು ನುಗ್ಗುತ್ತಿದೆ ಅಂತ ದೂರು ಎದ್ದಿತು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮೆಣಸಿಗೆ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಿತು.

ನಿಮ್ಮ ಪತ್ರಿಕೆಯಿಂದ ಒಂದು ಉಪಕಾರ ಆಗಬೇಕು. ಮುಂದೆ ಯಾವ ದೇಶದ ಜತೆ ವ್ಯಾಪಾರ ಒಪ್ಪಂದವಾದರೂ ಸಹಿ ಹಾಕಿದವರ ಫೋಟೊ ಒಂದಿಷ್ಟು ಚಿಕ್ಕದಾಗಲಿ. ಉಳಿದ ಜಾಗದಲ್ಲಿ ಕಾಫಿ, ಮೆಣಸು, ಏಲಕ್ಕಿ, ಅಡಿಕೆಗೆ ಯಾವ ವರ್ಷ ಎಷ್ಟು ಸುಂಕ ಅನ್ನುವ ಪಟ್ಟಿಯನ್ನು ಕನ್ನಡದಲ್ಲಿ ಹಾಕಿ. ಕತ್ತರಿಸಿ ಅಪ್ಪನ ನೋಟ್ ಪುಸ್ತಕಕ್ಕೆ ಅಂಟಿಸಿಕೊಳ್ಳುತ್ತೇನೆ.

ಇಂತಿ,
ಒಬ್ಬ ಸಣ್ಣ ಬೆಳೆಗಾರ
ಮೂಡಿಗೆರೆ ತಾಲ್ಲೂಕು