ಮಂಪರು ಪರೀಕ್ಷೆ ಬೇಡ ಅಂದೋನು ತಪ್ಪಿತಸ್ಥ ಅಲ್ಲ

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ನಿಮ್ಮ ಜಿಲ್ಲಾ ಪುಟದಲ್ಲಿ ಒಂದು ಕೊಲೆ ಕೇಸಿನ ಸುದ್ದಿ ಬಂದಿತ್ತು, ಆರೋಪಿ ಮಂಪರು ಪರೀಕ್ಷೆಗೆ ಒಪ್ಪಿಲ್ಲ, ಹಾಗಾಗಿ ಅನುಮಾನ ಜಾಸ್ತಿ ಆಗಿದೆ ಅನ್ನೋ ಥರ ಹೆಡ್ಡಿಂಗು. ಯಾರಿಗೆ ಅನುಮಾನ ಜಾಸ್ತಿ ಆಯ್ತು ಅಂತ ಸುದ್ದಿ ಪೂರ್ತಿ ಓದಿದ್ರೂ ಸಿಗಲಿಲ್ಲ. ನಾನು ತಾಲ್ಲೂಕು ಕೋರ್ಟಲ್ಲಿ ಕ್ರಿಮಿನಲ್ ಕೇಸು ನಡೆಸೋ ವಕೀಲ, ಆ ಕೇಸಿಗೂ ನನಗೂ ಯಾವ ಸಂಬಂಧವೂ ಇಲ್ಲ, ಆದ್ರೆ ಇಂಥ ಹೆಡ್ಡಿಂಗು ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತೆ, ಯಾಕಂದ್ರೆ ಆ ಮನುಷ್ಯ ಬೇಡ ಅಂದಿದ್ದು ಅವನ ಹಕ್ಕು, ಅದೂ ನಮ್ಮ ಕರ್ನಾಟಕದಿಂದಲೇ ಹೋದ ಕೇಸಲ್ಲಿ ಸುಪ್ರೀಂ ಕೋರ್ಟು ಗಟ್ಟಿ ಮಾಡಿಕೊಟ್ಟ ಹಕ್ಕು.

2010ರ ಮೇ 5ರಂದು ಬಂದ ತೀರ್ಪು ಅದು, ಸೆಲ್ವಿ ವರ್ಸಸ್ ಸ್ಟೇಟ್ ಆಫ್ ಕರ್ನಾಟಕ. ಮೂವರು ಜಡ್ಜುಗಳ ಪೀಠ, ಕೆ.ಜಿ. ಬಾಲಕೃಷ್ಣನ್ ಆಗ ಮುಖ್ಯ ನ್ಯಾಯಮೂರ್ತಿ, ಜೊತೆಗೆ ಆರ್.ವಿ. ರವೀಂದ್ರನ್ ಮತ್ತು ಜೆ.ಎಂ. ಪಾಂಚಾಲ್. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಅಂದ್ರೆ ಮೆದುಳಿನ ವಿದ್ಯುತ್ ಅಲೆ ಅಳೆಯೋ ಪರೀಕ್ಷೆ, ಈ ಮೂರನ್ನೂ ಯಾರ ಮೇಲೂ ಬಲವಂತವಾಗಿ ಮಾಡೋ ಹಾಗಿಲ್ಲ ಅಂತ ಹೇಳಿದ್ರು, ಆರೋಪಿ ಇರಲಿ ಸಾಕ್ಷಿ ಇರಲಿ. ಅದಕ್ಕೆ ಆಧಾರ ಸಂವಿಧಾನದ 20(3)ನೇ ವಿಧಿ, ಅಂದ್ರೆ ಆರೋಪಿಯನ್ನ ಅವನ ವಿರುದ್ಧ ಅವನೇ ಸಾಕ್ಷಿ ಹೇಳೋ ಹಾಗೆ ಬಲವಂತ ಮಾಡಬಾರದು ಅನ್ನೋದು, ಜೊತೆಗೆ ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿ. ಎಮರ್ಜೆನ್ಸಿಯ ಅನುಭವ ಆದ್ಮೇಲೆ 1978ರ 44ನೇ ತಿದ್ದುಪಡಿಯಲ್ಲಿ ಈ 20 ಮತ್ತು 21ನ್ನ ತುರ್ತು ಪರಿಸ್ಥಿತಿಯಲ್ಲೂ ಅಮಾನತು ಮಾಡೋ ಹಾಗಿಲ್ಲ ಅಂತ ಮಾಡಿದ್ದಾರೆ, ಅಷ್ಟು ಗಟ್ಟಿಯಾದ ಹಕ್ಕು ಇವು.

ಈ ತೀರ್ಪಿಗೆ ಮುಂಚೆ ಏನಾಗ್ತಿತ್ತು ಅಂತ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಆಗ ದೇಶಕ್ಕೆಲ್ಲ ಮಂಪರು ಪರೀಕ್ಷೆ ಅಂದ್ರೆ ಬೆಂಗಳೂರು. ಬೇರೆ ರಾಜ್ಯದ ಪೊಲೀಸ್ರೂ ಆರೋಪಿಗಳನ್ನ ಇಲ್ಲಿಗೆ ಕರ್ಕೊಂಡು ಬರ್ತಿದ್ರು. ಖಾನಾಪುರದ ತೆಲಗಿ, ಅದೇ ಛಾಪಾ ಕಾಗದ ಹಗರಣದ ಕರೀಂ ಲಾಲಾ ತೆಲಗಿ, ಅವನಿಗೆ 2003ರಲ್ಲಿ ಇಲ್ಲೇ ಮಾಡಿದ್ದು, ಆಮೇಲೆ ಆ ವಿಡಿಯೋ ಟಿವಿ ಚಾನೆಲ್‌ಗಳಿಗೆ ಹೋಯ್ತು, ಅರೆ ಎಚ್ಚರದಲ್ಲಿ ತೊದಲ್ತಾ ಇರೋ ಮನುಷ್ಯನ ಬಾಯಿಂದ ಬಂದ ಹೆಸರುಗಳನ್ನ ದೇಶ ಪೂರ್ತಿ ಕೂತು ನೋಡಿತು. 2008ರಲ್ಲಿ ನೋಯ್ಡಾದ ಆರುಷಿ ಕೇಸಲ್ಲೂ ಮನೆಕೆಲಸದ ಹುಡುಗನನ್ನ ಬೆಂಗಳೂರಿಗೇ ತಂದ್ರು. 2004ರಲ್ಲಿ ನಮ್ಮ ಹೈಕೋರ್ಟು ಮತ್ತೆ ಬಾಂಬೆ ಹೈಕೋರ್ಟು ಎರಡೂ ಇಂಥ ಪರೀಕ್ಷೆ ಮಾಡಬಹುದು ಅಂತಲೇ ಹೇಳಿದ್ದವು. ಸೆಲ್ವಿ ಕೇಸು ಶುರುವಾಗಿದ್ದೂ ಕೋರಮಂಗಲ ಪೊಲೀಸ್ ಠಾಣೆಯ ಒಂದು ಪ್ರಕರಣದಿಂದ, ಆಮೇಲೆ ಬೇರೆ ಬೇರೆ ರಾಜ್ಯದ ಅರ್ಜಿಗಳೂ ಸೇರಿಕೊಂಡ್ವು.

ಜನ ಸಿನಿಮಾ ನೋಡಿ ಅಂದ್ಕೊಂಡಿರೋದು ಏನಂದ್ರೆ ಇಂಜೆಕ್ಷನ್ ಕೊಟ್ರೆ ಸತ್ಯ ತಾನಾಗೇ ಹೊರಗೆ ಬರುತ್ತೆ ಅಂತ. ಕೊಡೋದು ಸೋಡಿಯಂ ಪೆಂಟೋಥಾಲ್, ಆಪರೇಷನ್ನಿಗೆ ಮುಂಚೆ ಅರಿವಳಿಕೆಗೆ ಬಳಸ್ತಿದ್ದ ಔಷಧಿ, ಅದನ್ನ ಅಳತೆ ನೋಡ್ಕೊಂಡು ನಿಧಾನಕ್ಕೆ ಬಿಟ್ರೆ ಮನುಷ್ಯ ಪೂರ್ತಿ ನಿದ್ದೆಗೂ ಹೋಗಲ್ಲ ಎಚ್ಚರವಾಗೂ ಇರಲ್ಲ, ಬಾಯಿ ಬಿಗಿ ಸಡಿಲ ಆಗುತ್ತೆ ಅಷ್ಟೆ. ಆ ಸ್ಥಿತೀಲೂ ಕೆಲವರು ಸುಳ್ಳು ಹೇಳ್ತಾರೆ, ಇನ್ನು ಕೆಲವರು ಕೇಳಿದೋರು ಯಾವ ಉತ್ತರ ಬೇಕು ಅಂತಾರೋ ಅದನ್ನೇ ಒಪ್ಕೊಂಡು ಹೇಳ್ಬಿಡ್ತಾರೆ, ಇದನ್ನೆಲ್ಲ ಸುಪ್ರೀಂ ಕೋರ್ಟು ತಜ್ಞರ ಬರಹ ಇಟ್ಕೊಂಡು ವಿವರವಾಗಿ ಚರ್ಚೆ ಮಾಡಿದೆ. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣೋದು ಇನ್ನೊಂದು ಮಾತು, ಮನುಷ್ಯನ ತಲೆ ಒಳಗೆ ಏನಿದೆ ಅನ್ನೋದು ಅವನ ಖಾಸಗಿ, ಅದನ್ನ ಹೇಳಬೇಕಾ ಸುಮ್ಮನಿರಬೇಕಾ ಅನ್ನೋ ಆಯ್ಕೆ ಅವನದೇ ಆಗಿರಬೇಕು ಅಂತ ಆ ತೀರ್ಪು ಹೇಳಿದ್ದು. 2017ರಲ್ಲಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಕೇಸಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜುಗಳು ಖಾಸಗಿತನ ಮೂಲಭೂತ ಹಕ್ಕು ಅಂದಾಗ ಸೆಲ್ವಿ ತೀರ್ಪನ್ನೂ ನೆನೆದಿದ್ದಾರೆ.

ಹಾಗಾದ್ರೆ ಪೊಲೀಸ್ರು ತನಿಖೆ ಮಾಡೋದು ಹೇಗೆ, ಕೊಲೆಗಾರ್ರು ಎಲ್ಲ ತಪ್ಪಿಸ್ಕೊಂಡು ಹೋಗಬೇಕಾ ಅಂತ ಕೇಳೋರು ಇದ್ದಾರೆ, ಮಗಳನ್ನ ಕಳ್ಕೊಂಡ ತಾಯಿ ಹಾಗೆ ಕೇಳಿದ್ರೆ ನಾನು ತಲೆ ತಗ್ಗಿಸಿ ಕೇಳಿಸ್ಕೊಳ್ತೀನಿ, ಆ ಸಂಕಟಕ್ಕೆ ಎದುರು ಮಾತು ಇಲ್ಲ. ಆದ್ರೆ ಪೊಲೀಸ್ರ ಕೈ ಕಟ್ಟಿಹಾಕಿಲ್ಲ. 1961ರಲ್ಲೇ ಕಾಠಿ ಕಾಲು ಓಘಡ್ ಕೇಸಲ್ಲಿ ಸುಪ್ರೀಂ ಕೋರ್ಟಿನ 11 ಜಡ್ಜುಗಳ ಪೀಠ ಬೆರಳಚ್ಚು, ಕೈಬರಹದ ಮಾದರಿ ತಗೊಳ್ಳೋದು 20(3)ಕ್ಕೆ ವಿರುದ್ಧ ಅಲ್ಲ ಅಂತ ಹೇಳಿದೆ. ರಕ್ತ, ಡಿಎನ್‌ಎಗೆ ಕಾನೂನಲ್ಲೇ ಅವಕಾಶ ಇದೆ, 2019ರಿಂದ ಮ್ಯಾಜಿಸ್ಟ್ರೇಟ್ ಆದೇಶ ಇದ್ರೆ ಧ್ವನಿ ಮಾದರಿಯನ್ನೂ ತಗೊಳ್ಳಬಹುದು. ಇವೆಲ್ಲ ದೇಹದ ಗುರುತು. ಮಂಪರಿನಲ್ಲಿ ಹೊರಗೆ ಬರೋದು ಹೇಳಿಕೆ, ವ್ಯತ್ಯಾಸ ಇರೋದೇ ಅಲ್ಲಿ. ಇಷ್ಟಕ್ಕೂ ಎಚ್ಚರ ಇರುವಾಗ ಪೊಲೀಸ್ರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನೇ ಕೋರ್ಟು ಸಾಕ್ಷಿ ಅಂತ ಒಪ್ಪಲ್ಲ.

ಈಗ ಒಪ್ಪಿಗೆ ವಿಷಯಕ್ಕೆ ಬರ್ತೀನಿ, ನಾನು ಈ ಪತ್ರ ಬರೀತಿರೋದೇ ಅದಕ್ಕೆ. ಒಪ್ಪಿಗೆ ಅಂದ್ರೆ ಠಾಣೆಯಲ್ಲಿ ಒಂದು ಹಾಳೆಗೆ ಸೈನ್ ಹಾಕಿಸ್ಕೊಳ್ಳೋದಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2000ದಲ್ಲೇ ಸುಳ್ಳು ಪತ್ತೆ ಪರೀಕ್ಷೆಗೆ ನಿಯಮ ಮಾಡಿತ್ತು, ಸೆಲ್ವಿ ತೀರ್ಪು ಅದನ್ನೇ ಮಂಪರು ಪರೀಕ್ಷೆಗೂ ಪಾಲಿಸಬೇಕು ಅಂತು. ಆರೋಪಿಗೆ ವಕೀಲ ಸಿಗಬೇಕು, ದೇಹಕ್ಕೆ, ಮನಸ್ಸಿಗೆ ಏನಾಗುತ್ತೆ, ಕಾನೂನಲ್ಲಿ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕು, ಒಪ್ಪಿಗೆಯನ್ನ ಮ್ಯಾಜಿಸ್ಟ್ರೇಟ್ ಮುಂದೆ ದಾಖಲು ಮಾಡಬೇಕು, ಎಷ್ಟು ದಿನದಿಂದ ಒಳಗಿದ್ದಾನೆ, ಹೇಗೆ ವಿಚಾರಣೆ ಮಾಡಿದ್ದಾರೆ ಅಂತ ಅವರು ನೋಡಬೇಕು, ಪರೀಕ್ಷೆಯನ್ನ ಆಸ್ಪತ್ರೆಯಂಥ ಸ್ವತಂತ್ರ ಸಂಸ್ಥೆ ವಕೀಲರ ಎದುರು ರೆಕಾರ್ಡ್ ಮಾಡಬೇಕು. ಇಷ್ಟೆಲ್ಲ ಆದ್ಮೇಲೂ ಅವನು ಹೇಳಿದ್ದೇ ಸಾಕ್ಷಿ ಆಗಲ್ಲ, ಅದರಿಂದ ಮುಂದೆ ಏನಾದ್ರೂ ವಸ್ತು, ಮಾಹಿತಿ ಸಿಕ್ರೆ ಅದಕ್ಕೆ ಮಾತ್ರ ಬೆಲೆ.

ನಿಯಮ ಇಷ್ಟು ಚೆನ್ನಾಗಿದ್ರೂ ಬೇಡ ಅಂದ್ರೆ ಮಾರನೇ ದಿನ ಪೇಪರಲ್ಲಿ ಕೊಲೆಗಾರ ಅಂತ ಮುದ್ರೆ ಬೀಳುತ್ತೆ ಅಂತ ಹೆದರ್ಕೊಂಡು ಹೂಂ ಅನ್ನೋನ ಒಪ್ಪಿಗೆ ಎಂಥ ಒಪ್ಪಿಗೆ ಸರ್? ನನ್ನ ಹತ್ರ ಬರೋ ಮನೆಯವರು, ಹೆಚ್ಚಿನೋರು ಕೂಲಿ ಮಾಡೋರು, ಸಾರ್ ನಮ್ ಹುಡುಗಂದು ಏನೂ ತಪ್ಪಿಲ್ಲ, ಮಂಪರು ಪರೀಕ್ಷೆ ಮಾಡಿಸ್ಬಿಡಿ, ಇಲ್ಲಾಂದ್ರೆ ಊರೋರು ಇವನೇ ಮಾಡಿದ್ದು ಅಂತಾರೆ ಅಂತ ಕೈ ಮುಗೀತಾರೆ. ಆ ಭಯ ಅವರಿಗೆ ಕಾನೂನಿಂದ ಬಂದಿದ್ದಲ್ಲ, ಟಿವಿ ಮತ್ತೆ ಪೇಪರಿಂದ ಬಂದಿದ್ದು. ರಾಜಕಾರಣಿಗಳು ಬೇರೆ ಮೈಕ್ ಸಿಕ್ಕಿದ ಕೂಡ್ಲೇ ನಾನು ಮಂಪರು ಪರೀಕ್ಷೆಗೆ ರೆಡಿ ಅವರೂ ಬರಲಿ ಅಂತ ಸವಾಲು ಹಾಕ್ತಾರೆ, ನೀವು ಅದನ್ನ ಮುಖಪುಟಕ್ಕೆ ಹಾಕ್ತೀರಿ, ಆಗ ಬರದೇ ಇರೋನು ಕಳ್ಳ ಅನ್ನೋದು ಜನರ ತಲೇಲಿ ಕೂತ್ಬಿಡುತ್ತೆ.

ಇದು ಹಳೇ ಕಥೆ ಅಂತ ಯಾರೂ ಅಂದ್ಕೋಬೇಡಿ. 2025ರ ಜೂನ್‌ನಲ್ಲಿ ಬಿಹಾರದ ಒಂದು ಕೇಸಲ್ಲಿ ಸುಪ್ರೀಂ ಕೋರ್ಟು ಮತ್ತೆ ಇದನ್ನೇ ಹೇಳಬೇಕಾಯ್ತು. ಜಾಮೀನು ಅರ್ಜಿ ವಿಚಾರಣೆಯಲ್ಲಿ ಎಲ್ಲ ಆರೋಪಿಗಳಿಗೂ ಮಂಪರು ಪರೀಕ್ಷೆ ಮಾಡ್ತೀವಿ ಅಂತ ಪೊಲೀಸ್ರು ಹೇಳಿದ್ದನ್ನ ಪಟ್ನಾ ಹೈಕೋರ್ಟು ಒಪ್ಕೊಂಡಿತ್ತು, ನ್ಯಾಯಮೂರ್ತಿ ಸಂಜಯ್ ಕರೋಲ್ ಮತ್ತು ಹಿಂದೆ ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದ ಪ್ರಸನ್ನ ವರಾಳೆ ಅವರ ಪೀಠ ಆ ಆದೇಶ ರದ್ದು ಮಾಡ್ತು. ಆರೋಪಿ ತಾನೇ ಬಂದು ನನಗೆ ಪರೀಕ್ಷೆ ಮಾಡಿಸಿ ಅಂದ್ರೂ ಅದು ಕಡ್ಡಾಯವಾಗಿ ಸಿಗೋ ಹಕ್ಕಲ್ಲ, ಸರಿಯಾದ ಹಂತದಲ್ಲಿ ಕೋರ್ಟು ಎಲ್ಲ ನೋಡಿ ತೀರ್ಮಾನ ಮಾಡಬೇಕು ಅಂತಲೂ ಹೇಳಿದ್ದಾರೆ.

ಹಾಗಾಗಿ ನನ್ನದು ಎರಡೇ ಬೇಡಿಕೆ. ಇನ್ಮೇಲೆ ಮಂಪರು ಪರೀಕ್ಷೆ ಸುದ್ದಿ ಹಾಕೋವಾಗ, ಆರೋಪಿಯ ಒಪ್ಪಿಗೆ ಬೇಕೇ ಬೇಕು, ಬೇಡ ಅನ್ನೋದು ತಪ್ಪಿಗೆ ಸಾಕ್ಷಿ ಅಲ್ಲ ಅಂತ ಒಂದು ಸಾಲು ಸುದ್ದಿ ಒಳಗೇ ಸೇರಿಸಿ, ನಿಮ್ಮ ತಾಲ್ಲೂಕು ವರದಿಗಾರರಿಗೂ ಅದನ್ನ ತಿಳಿಸಿ. ಮತ್ತೆ ಮೊನ್ನೆಯ ಹೆಡ್ಡಿಂಗಿಗೆ ಅದೇ ಜಿಲ್ಲಾ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಹಾಕಿ, ಆ ಮನುಷ್ಯನ ಕೇಸು ಇನ್ನೂ ಟ್ರಯಲ್‌ಗೇ ಬಂದಿಲ್ಲ.

ಇಂತಿ,
ತಾಲ್ಲೂಕು ಕೋರ್ಟಿನ ಒಬ್ಬ ವಕೀಲ, ಹಾಸನ ಜಿಲ್ಲೆ