ಸೋತ ಸುತ್ತಿನಲ್ಲಿ ಮಾತ್ರ ಯಂತ್ರ ಕೆಟ್ಟಿತ್ತೇ?

ಮಾನ್ಯ ಸಂಪಾದಕರೇ,

ಬ್ರೆಜಿಲ್‌ನ ಮಾಜಿ ಅಧ್ಯಕ್ಷ ಜೈರ್ ಬೊಲ್ಸೊನಾರೊ ಅವರಿಗೆ ಕ್ಷಮಾದಾನ ನೀಡಿ, ಮತ್ತೆ ಚುನಾವಣೆಗೆ ನಿಲ್ಲಲು ಬಿಡಬೇಕೆಂದು ಅವರ ಬೆಂಬಲಿಗರು ಒತ್ತಾಯಿಸುತ್ತ ಬಂದಿದ್ದಾರೆ. ಯಾರು ಆಳಬೇಕೆಂಬುದನ್ನು ಮತದಾರರೇ ತೀರ್ಮಾನಿಸಲಿ ಎಂಬ ಅವರ ವಾದ ಮೇಲ್ನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ 2022ರ ಅಕ್ಟೋಬರ್ 30ರಂದು ಮತದಾರರು ತೀರ್ಮಾನಿಸಿದ್ದರಲ್ಲ? ಎದುರಾಳಿ ಲೂಲಾ ಅವರಿಗೆ ಶೇ 50.9, ಬೊಲ್ಸೊನಾರೊ ಅವರಿಗೆ ಶೇ 49.1 ಮತಗಳು ಬಂದಿದ್ದವು. ಆ ತೀರ್ಪನ್ನು ಒಪ್ಪದವರ ಪರವಾಗಿ ಈಗ ಮತದಾರರ ಹೆಸರನ್ನೇ ಮುಂದೊಡ್ಡುವುದು ನನಗೆ ಸರಿ ಕಾಣುವುದಿಲ್ಲ.

ನಾನು ನಿವೃತ್ತ ಶಿಕ್ಷಕ. ಹಲವು ಚುನಾವಣೆಗಳಲ್ಲಿ ಮತಗಟ್ಟೆ ಕೆಲಸ ಮಾಡಿದವನು. ಬೆಂಗಳೂರಿನ ಬಿಇಎಲ್‌ನಲ್ಲಿ ತಯಾರಾಗುವ ಮತಯಂತ್ರವನ್ನು ಮಸ್ಟರಿಂಗ್ ಕೇಂದ್ರದಿಂದ ಹೊತ್ತು ತಂದು, ಬೆಳಗ್ಗೆ ಏಜೆಂಟರ ಎದುರು ಅಣಕು ಮತದಾನ ಮಾಡಿ, ಎಣಿಕೆ ಸೊನ್ನೆಯಾದುದನ್ನು ತೋರಿಸಿ, ಸೀಲು ಹಾಕಿ, ಸಂಜೆ ಅವರ ಸಹಿ ಪಡೆಯುವವರೆಗಿನ ಆತಂಕ ಎಂಥದ್ದೆಂದು ಬಲ್ಲೆ. ಬ್ರೆಜಿಲ್‌ನಲ್ಲಿಯೂ ಮತದಾನಕ್ಕೆ ಮುಂಚೆ ಯಂತ್ರ ಸೊನ್ನೆಯ ಚೀಟಿಯನ್ನು ಮುದ್ರಿಸುತ್ತದೆ. ಮುಗಿದ ಮೇಲೆ ಆ ಯಂತ್ರದ ಮತಗಳ ಲೆಕ್ಕವನ್ನು ಮತಗಟ್ಟೆಯಲ್ಲೇ ಅಂಟಿಸುತ್ತಾರೆ. ಅನುಮಾನವಿದ್ದವರು ಆ ಚೀಟಿಗಳನ್ನು ಕೂಡಿಸಿ ನೋಡಬಹುದು.

ಯಂತ್ರವನ್ನು ಪ್ರಶ್ನಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿ ಪ್ರಶ್ನಿಸಿದವರು ನ್ಯಾಯಾಲಯಕ್ಕೆ ಹೋದರು, ಮತದ ಚೀಟಿ ತೋರಿಸುವ ವಿವಿಪ್ಯಾಟ್ ಬಂತು. ಬೊಲ್ಸೊನಾರೊ ಅವರಿಗೂ ಆ ದಾರಿ ಮುಚ್ಚಿರಲಿಲ್ಲ. ಮತವನ್ನು ಕಾಗದದಲ್ಲಿ ಮುದ್ರಿಸುವ ತಿದ್ದುಪಡಿ 2021ರ ಆಗಸ್ಟ್‌ನಲ್ಲಿ ಸಂಸತ್ತಿನ ಮುಂದೆ ಬಂದಾಗ 308 ಮತಗಳು ಬೇಕಿದ್ದವು, ಸಿಕ್ಕಿದ್ದು 229. ಅಲ್ಲಿ ಸೋತವರು ಮರುವರ್ಷ ಜುಲೈನಲ್ಲಿ ವಿದೇಶಿ ರಾಯಭಾರಿಗಳನ್ನು ಅಧ್ಯಕ್ಷರ ನಿವಾಸಕ್ಕೆ ಕರೆಸಿ, ತಮ್ಮ ದೇಶದ ಮತಯಂತ್ರಗಳನ್ನು ನಂಬಲಾಗದೆಂದು ಆಧಾರವಿಲ್ಲದೆ ಹೇಳಿದರು. ಚುನಾವಣೆ ಇನ್ನೂ ನಡೆದೇ ಇರಲಿಲ್ಲ. ಅಲ್ಲಿನ ಉನ್ನತ ಚುನಾವಣಾ ನ್ಯಾಯಾಲಯ 2023ರ ಜೂನ್ 30ರಂದು 5-2 ಬಹುಮತದಿಂದ ಅವರನ್ನು 2030ರವರೆಗೆ ಅನರ್ಹಗೊಳಿಸಿದ್ದು ಈ ಸಭೆಯ ಕಾರಣಕ್ಕೇ.

ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯೂ ಈ ಪ್ರಕರಣಕ್ಕೆ ಸಾಲದು. ಅವಳಾದರೂ ಇಡೀ ನೆಲವನ್ನು ದೂರಿದಳು. ಬೊಲ್ಸೊನಾರೊ ಅವರ ಲಿಬರಲ್ ಪಕ್ಷ 2022ರ ನವೆಂಬರ್‌ನಲ್ಲಿ ಹಳೆಯ ಮಾದರಿಯ ಯಂತ್ರಗಳ ಮತಗಳನ್ನು ಅಸಿಂಧುಗೊಳಿಸಲು ಅರ್ಜಿ ಹಾಕಿತು, ಅದೂ ಅಕ್ಟೋಬರ್ 30ರ ಎರಡನೆಯ ಸುತ್ತಿಗೆ ಮಾತ್ರ. ಅವೇ ಯಂತ್ರಗಳು ಮೊದಲ ಸುತ್ತಿನಲ್ಲೂ ಇದ್ದವು, ಅದರ ಲೆಕ್ಕವನ್ನೂ ಸೇರಿಸಿ ಎಂದು ನ್ಯಾಯಮೂರ್ತಿ ಕೇಳಿದಾಗ ಪಕ್ಷ ಒಪ್ಪಲಿಲ್ಲ. ಸಂಸದರ ಆಯ್ಕೆಯೂ ನಡೆದ ಆ ಮೊದಲ ಸುತ್ತಿನಲ್ಲಿ ಅದು 99 ಸ್ಥಾನ ಗೆದ್ದು ಕೆಳಮನೆಯ ಅತಿ ದೊಡ್ಡ ಪಕ್ಷವಾಗಿತ್ತಲ್ಲ! ಅರ್ಜಿ ವಜಾಗೊಂಡು, ಸುಮಾರು 2.29 ಕೋಟಿ ರಿಯಾಲ್ (ಬ್ರೆಜಿಲ್‌ನ ಹಣ) ದಂಡ ಬಿತ್ತು.

ಇದು ಬರೀ ಮಾತಿನಲ್ಲಿ ಮುಗಿದಿದ್ದರೆ ನಾನೂ ಈ ಪತ್ರ ಬರೆಯುತ್ತಿರಲಿಲ್ಲ. ಫಲಿತಾಂಶವನ್ನು ನಂಬದ ಜನ ಸೇನಾ ಶಿಬಿರಗಳ ಮುಂದೆ ವಾರಗಟ್ಟಲೆ ಡೇರೆ ಹಾಕಿದರು. 2023ರ ಜನವರಿ 8ರಂದು ಬ್ರೆಸಿಲಿಯಾದಲ್ಲಿ ಸಂಸತ್ತು, ಸುಪ್ರೀಂ ಕೋರ್ಟ್, ಅಧ್ಯಕ್ಷರ ಕಚೇರಿಗಳಿಗೆ ನುಗ್ಗಿ ಧ್ವಂಸ ಮಾಡಿದರು. ನಾಯಕ ಬೊಲ್ಸೊನಾರೊ ಅಂದು ಅಮೆರಿಕದ ಫ್ಲಾರಿಡಾದಲ್ಲಿದ್ದರು. ಕ್ಷಿಪ್ರಕ್ರಾಂತಿಯ ಸಂಚಿಗಾಗಿ 2025ರ ಸೆಪ್ಟೆಂಬರ್‌ನಲ್ಲಿ ಅವರಿಗೆ 27 ವರ್ಷ 3 ತಿಂಗಳ ಶಿಕ್ಷೆಯಾಯಿತು. ಪೀಠದ ಐವರಲ್ಲಿ ಒಬ್ಬರು ಭಿನ್ನ ತೀರ್ಪು ನೀಡಿದ್ದನ್ನೂ, ಸಂಚಿನ ಗುರಿಯಾಗಿದ್ದ ನ್ಯಾಯಮೂರ್ತಿಯೇ ಪೀಠದಲ್ಲಿದ್ದರೆಂಬ ಆಕ್ಷೇಪವನ್ನೂ ಮರೆಮಾಚಬೇಕಿಲ್ಲ. ಅದನ್ನು ನ್ಯಾಯಾಲಯದಲ್ಲೇ ವಾದಿಸಲಿ. ಶಿಕ್ಷೆಯ ಪ್ರಮಾಣ ಹೆಚ್ಚಾಯಿತೆಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಆದರೆ ಸ್ಪರ್ಧಿಸುವ ಅರ್ಹತೆಯನ್ನು ಹಿಂದಿರುಗಿಸಬಾರದು, ಏಕೆಂದರೆ ಸೋತರೆ ಮತ್ತದೇ ಮಾತು ಬಾರದೆನ್ನಲು ಅವರ ಕಡೆಯಿಂದ ಒಂದು ಭರವಸೆಯೂ ಇಲ್ಲ.

2018ರಲ್ಲಿ ಇವೇ ಯಂತ್ರಗಳಿಂದ ಬೊಲ್ಸೊನಾರೊ ಗೆದ್ದಾಗ ಎದುರಾಳಿ ಫೆರ್ನಾಂಡೊ ಹದ್ದಾದ್ ಮರುದಿನವೇ ಶುಭ ಕೋರಿದ್ದರು. 2022ರ ಮೊದಲ ಸುತ್ತಿನ ಆ 99 ಗೆಲುವುಗಳನ್ನೂ ಯಾರೂ ಪ್ರಶ್ನಿಸಲಿಲ್ಲ. ಹಾಗೆ ಆಯ್ಕೆಯಾದವರೇ ಸಂಸತ್ತಿನಲ್ಲಿ ಕುಳಿತು ತಮ್ಮ ನಾಯಕನ ಕ್ಷಮಾದಾನಕ್ಕೆ ಕೈ ಎತ್ತುತ್ತಿದ್ದಾರೆ.

– ನಿವೃತ್ತ ಶಿಕ್ಷಕ, ಸಾಗರ