3ನೇ ತರಗತಿಯ ಪ್ರತಿ ಮಗುವಿಗೂ ಒಂದು ಅವರೆ ಗಿಡ ಕೊಡಿ: ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,
ವಿಧಾನಸೌಧ, ಬೆಂಗಳೂರು

ಮಾನ್ಯರೇ,

ವಿಶ್ವ ಪರಿಸರ ದಿನವಾದ ಜೂನ್ 5 ಬಂತೆಂದರೆ ಬೆಂಗಳೂರಿನ ಶಾಲೆಗಳಲ್ಲಿ ಸಸಿ ನೆಡುವ ಸಂಭ್ರಮ. ಗುಂಡಿ ತೋಡುವವರು ದೊಡ್ಡವರು, ಮಕ್ಕಳು ಸಸಿ ಮುಟ್ಟಿಕೊಂಡು ಫೋಟೊಗೆ ನಿಲ್ಲುತ್ತಾರೆ. ಮಾರನೆಯ ದಿನದಿಂದ ಆ ಸಸಿಗೆ ದಿಕ್ಕಿಲ್ಲ. ಇದರ ಬದಲು 3ನೇ ತರಗತಿಯ ಪ್ರತಿ ಮಗುವೂ ಒಂದು ಅವರೆ ಗಿಡವನ್ನು ಬೀಜದಿಂದ ಬೀಜದವರೆಗೆ ಬೆಳೆಸಲಿ ಎಂಬುದು ನಮ್ಮ ಕೋರಿಕೆ.

ಒಂದು ಜೀವವನ್ನು ಹತ್ತಿರದಿಂದ ಬಲ್ಲ ಮಗು ಉಳಿದ ಜೀವಿಗಳನ್ನೂ ಬೇರೆ ಬಗೆಯಲ್ಲಿ ನೋಡುತ್ತದೆ. ಅಮೆರಿಕದ ನಗರದ ಪುಟ್ಟ ಮಕ್ಕಳು ಉಳಿದ ಜೀವಿಗಳನ್ನು ಮನುಷ್ಯನನ್ನೇ ಅಳತೆಗೋಲಾಗಿಟ್ಟು ಅರ್ಥಮಾಡಿಕೊಳ್ಳುತ್ತಾರೆ ಎಂದು ಮನಶ್ಶಾಸ್ತ್ರಜ್ಞೆ ಸೂಸನ್ ಕೇರಿ 1985ರಲ್ಲಿ ಬರೆದರು. ಅದೇ ದೇಶದ ವಿಸ್ಕಾನ್ಸಿನ್‌ನಲ್ಲಿ ಕಾಡಿನ ಒಡನಾಟದಲ್ಲಿ ಬೆಳೆಯುವ ಮೆನೊಮಿನಿ ಬುಡಕಟ್ಟಿನ ಮಕ್ಕಳು ಹಾಗಲ್ಲ. ಜೇನುನೊಣದಲ್ಲಿರುವುದು ಕರಡಿಯಲ್ಲೂ ಇದ್ದೀತು, ಕರಡಿ ಜೇನು ತಿನ್ನುತ್ತದಲ್ಲ ಎಂದು ನಂಟು ಹುಡುಕುತ್ತಾರೆ. ಜಪಾನಿನಲ್ಲಿ ಮನಶ್ಶಾಸ್ತ್ರಜ್ಞೆ ಕಯೋಕೊ ಇನಗಾಕಿ ಅವರ ಅಧ್ಯಯನ ನಮ್ಮ ಕೋರಿಕೆಗೆ ಇನ್ನೂ ಹತ್ತಿರದ್ದು. ಮನೆಯಲ್ಲಿ ಗೋಲ್ಡ್‌ಫಿಶ್ ಸಾಕಿದ ಮಕ್ಕಳು ತಾವೆಂದೂ ಸಾಕದ ಕಪ್ಪೆಯ ಬಗ್ಗೆಯೂ ಸರಿಯಾಗಿ ಊಹಿಸಿದರು: ಮೀನು ದೊಡ್ಡದಾಯಿತು, ಕಪ್ಪೆಯೂ ಮರಿಯಾಗಿಯೇ ಉಳಿಯದು. ಕಾಡು ಹತ್ತಿರವಿಲ್ಲದ ಊರಿನ ಮಗುವಿಗೂ ಸಾಕಿದ ಒಂದೇ ಜೀವ ಸಾಕಾಗುತ್ತದೆ. ಜಪಾನಿನ ಶಾಲೆಗಳಲ್ಲಿ 1ನೇ ತರಗತಿಯ ಮಕ್ಕಳು ಆಸಾಗಾವೊ ಎಂಬ ಹೂಬಳ್ಳಿಯನ್ನು ಕುಂಡದಲ್ಲಿ ಬಿತ್ತಿ, ಬೇಸಿಗೆ ರಜೆಗೆ ಮನೆಗೊಯ್ದು, ಬೀಜ ಕೂಡಿಡುವುದು ವಾಡಿಕೆ.

ನಮಗೆ ಅವರೆಯೇ ಸರಿ. ಅದರ ಸೊಗಡು ಬೆಂಗಳೂರಿನ ಮಗುವಿಗೆ ಮೊದಲೇ ಗೊತ್ತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4 ಗಿಡ್ಡ ತಳಿ. ಜೂನ್ ಮಧ್ಯದಲ್ಲಿ ಬಿತ್ತಿದರೆ ಸುಮಾರು ಒಂದೂವರೆ ತಿಂಗಳಿಗೆ ಹೂ, ದಸರಾ ರಜೆಗೆ ಮೊದಲೇ ಕಾಯಿ. ಅದೇ ದಿನ ಕಾಂಪೌಂಡ್ ಪಕ್ಕ ನಾಲ್ಕು ನಾಟಿ ಅವರೆ ಕಾಳನ್ನೂ ಊರಬೇಕು. ಹಗಲು ಕುಗ್ಗುವವರೆಗೆ ಅದು ಹೂಬಿಡದು, ಬಳ್ಳಿ ಮಾತ್ರ ಹಬ್ಬುತ್ತದೆ. "ಇದ್ಯಾಕೆ ಮಿಸ್, ಇನ್ನೂ ಹೂ ಬಿಟ್ಟಿಲ್ಲ?" ಎಂದು ಮಗು ಕೇಳಿದಾಗ ಶಿಕ್ಷಕರು ಉತ್ತರ ಹೇಳಬಾರದು, ಡಿಸೆಂಬರ್‌ವರೆಗೆ ಕಾಯಿಸಬೇಕು.

12 ಇಂಚಿನ ಕುಂಡ, ಕೆಂಪು ಮಣ್ಣು 2 ಪಾಲು, ಕೊಟ್ಟಿಗೆ ಗೊಬ್ಬರ 1, ಮರಳು 1. ಒಂದು ಇಂಚು ಆಳಕ್ಕೆ 3 ಕಾಳು. ವಾರದಲ್ಲಿ ಮೊಳೆತ ಮೇಲೆ ಗಟ್ಟಿಯಾದ ಒಂದನ್ನು ಉಳಿಸಿದರಾಯಿತು. ಬಣ್ಣದ ಔಷಧಿ ಲೇಪಿಸಿದ ಬಿತ್ತನೆ ಬೀಜ ಮಕ್ಕಳ ಕೈಗೆ ಬರಲೇಕೂಡದು, ಲೇಪನವಿಲ್ಲದ್ದನ್ನೇ ತರಿಸಿ. ಶಾಲೆಯಲ್ಲಿ ಗಿಡ ಸಾಯುವುದು ಹೆಚ್ಚಾಗಿ ನೀರು ಜಾಸ್ತಿಯಾಗಿ. ಮೂವತ್ತು ಮಕ್ಕಳೂ ಪ್ರೀತಿಯಿಂದ ನೀರು ಹುಯ್ಯುತ್ತಾರೆ, ಕುಂಡದ ತೂತು ಕಟ್ಟಿರುತ್ತದೆ, ಬೇರು ಕೊಳೆಯುತ್ತದೆ. ತೂತಿನ ಮೇಲೆ ಹೆಂಚಿನ ಚೂರಿಡಿ. ಬೆರಳನ್ನು ಮೊದಲ ಗೆಣ್ಣಿನವರೆಗೆ ಮಣ್ಣಿಗೆ ಚುಚ್ಚಿ, ಒಣಗಿದ್ದರಷ್ಟೇ ನೀರು.

ಕುಡಿಗೆ ರಸ ಹೀರುವ ಕಪ್ಪು ಸಸ್ಯಹೇನು ಬಂದೇ ಬರುತ್ತದೆ. ಅಲ್ಲಿ ತೋಟಗಾರರು ಔಷಧಿ ಹೊಡೆದರೆ ಪಾಠವೇ ಮುಗಿಯಿತು. ಹೇನು ಸೂಸುವ ಸಿಹಿ ಅಂಟಿಗೆ ಇರುವೆ, ಹೇನು ತಿನ್ನಲು ಗುಲಗಂಜಿ ಹುಳು ಹಿಂದೆಯೇ ಬರುತ್ತವೆ. ಮೆನೊಮಿನಿ ಮಗು ಜೇನು-ಕರಡಿಯಲ್ಲಿ ಕಂಡ ನಂಟು ನಮ್ಮ ಮಗುವಿಗೆ ಈ ಗೇಣುದ್ದದ ಕುಡಿಯಲ್ಲಿ ಸಿಗುತ್ತದೆ.

ಆದ್ದರಿಂದ ಸುತ್ತೋಲೆಯಲ್ಲಿ ಇಷ್ಟು ಇರಲಿ: ಪ್ರತಿ ಶನಿವಾರ 15 ನಿಮಿಷ ಗಿಡ ನೋಡಿ ಚಿತ್ರ ಬರೆಯುವ ಅವಧಿ, ಶಾಲಾ ಆವರಣದಲ್ಲಿ ಕೀಟನಾಶಕ ನಿಷೇಧ, ದಸರಾ ರಜೆಯಲ್ಲಿ ನಾಟಿ ಬಳ್ಳಿಗೆ ನೀರು ಹಾಕುವವರ ಹೆಸರು ಗೋಡೆಯ ಮೇಲೆ. ಅಂಕ ಮಾತ್ರ ಬೇಡ. ಅಂಕವಿಟ್ಟರೆ ಮಕ್ಕಳು ಪಕ್ಕದವರ ಚಿತ್ರ ನೋಡಿ ಬರೆಯುತ್ತಾರೆ, ಗಿಡ ನೋಡುವುದಿಲ್ಲ. ಸತ್ತ ಗಿಡದ ಮಗುವಿಗೆ ಮತ್ತೆ 3 ಕಾಳು ಕೊಡಲು ಶಾಲೆಯಲ್ಲಿ ಆಗಸ್ಟ್‌ವರೆಗೂ ಬೀಜ ಉಳಿದಿರಲಿ.

ಇಂತಿ,
ಮಕ್ಕಳ ಪರಿಸರ ಕಲಿಕೆಯಲ್ಲಿ ತೊಡಗಿರುವ ಬೆಂಗಳೂರಿನ ಶಿಕ್ಷಕರು